ರಜೆ ಅವರಿಗೆ, ಸಂಬಳ ಕಡಿತ ನಮಗೆ

ಮಾನ್ಯ ಸಂಪಾದಕರೇ,

ನಿವೃತ್ತಿಗೆ ಕಾಯದೆ ನಡುವಯಸ್ಸಿನಲ್ಲೇ ವರ್ಷಗಟ್ಟಲೆ ಬಿಡುವು ಪಡೆಯುವವರ ಬಗ್ಗೆ ಭಾನುವಾರ ನೀವು ಪ್ರಕಟಿಸಿದ ವರದಿಯನ್ನು ಓದಿದೆ. ಮರುದಿನವೇ ಅಂಥ ಸರ್ಕಾರಿ ನೌಕರರೊಬ್ಬರ ದರ್ಶನಕ್ಕೆ ಹೋಗಿದ್ದೆ. ದರ್ಶನವಾಗಲಿಲ್ಲ, ಅವರು ಬಿಡುವಿನಲ್ಲಿದ್ದಾರೆ.

ತೀರಿಕೊಂಡ ಅಪ್ಪನ ಹೆಸರಿನಲ್ಲಿರುವ ಐದು ಸೆಂಟ್ಸ್ ಜಾಗದ ಖಾತೆ ಬದಲಾವಣೆಗೆ ಇದು ನನ್ನ ಆರನೇ ಭೇಟಿ. ಕಚೇರಿಯ ಹೆಸರು ಬರೆಯುವುದಿಲ್ಲ, ನಾಳೆಯೂ ಅಲ್ಲಿಗೇ ಹೋಗಬೇಕಲ್ಲ. ಸಂತೆಕಟ್ಟೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು, ಅರ್ಧ ದಿನದ ಸಂಬಳ ಬಿಟ್ಟು, ಒದ್ದೆ ಕೊಡೆ ಹಿಡಿದು ನಿಂತವನಿಗೆ ಸಿಕ್ಕ ಉತ್ತರ: "ಅವರು ದೀರ್ಘ ರಜೆಯಲ್ಲಿದ್ದಾರೆ. ಖಾತೆ ಬದಲಿಸುವ ಕಂಪ್ಯೂಟರ್ ಲಾಗಿನ್ ಅವರದ್ದೇ. ಯಾವಾಗ ಬರುತ್ತಾರೋ ಗೊತ್ತಿಲ್ಲ." ಕುರ್ಚಿಯ ಬೆನ್ನಿಗೆ ಹಾಸಿದ ಬಿಳಿ ಟವೆಲ್ ಮಾತ್ರ ಕರ್ತವ್ಯದಲ್ಲಿತ್ತು. ಮೇಜಿಗೆ ದಾರ ಕಟ್ಟಿ ಇಟ್ಟಿದ್ದ ಪೆನ್ನಿನಲ್ಲಿ ರೀಫಿಲ್ ಇರಲಿಲ್ಲ, ಅದೂ ರಜೆ ಹಾಕಿರಬೇಕು.

ರಜೆ ತಪ್ಪೆಂದು ನಾನು ಹೇಳುತ್ತಿಲ್ಲ. ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, 300 ದಿನದವರೆಗೆ ಕೂಡಿಡಬಹುದು, ಉಳಿದದ್ದಕ್ಕೆ 60ರಲ್ಲಿ ನಿವೃತ್ತರಾಗುವಾಗ ನಗದು. ಅನುಭವಿಸಲಿ, ಬೇಡವೆಂದವರು ಯಾರು? ಆದರೆ ಅವರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸುವುದಕ್ಕೇನು ಧಾಡಿ? ನಮ್ಮಂಥ ಖಾಸಗಿ ಸಂಸ್ಥೆಯವರಿಗೆ 20 ದಿನ ದುಡಿದರೆ ಒಂದು ದಿನದ ರಜೆ. ಬೆನ್ನುನೋವಿಗೆಂದು ಎರಡು ತಿಂಗಳು, ಅದೂ ಸಂಬಳವಿಲ್ಲದೆ, ಕೇಳಿದ್ದೆ. "ಧಾರಾಳವಾಗಿ ಹೋಗಿ, ತಿರುಗಿ ಬರುವ ತೊಂದರೆ ಮಾತ್ರ ಬೇಡ" ಎಂದರು ಮಾಲೀಕರು. 21 ವರ್ಷ ಅವರ ಲೆಕ್ಕ ಬರೆದವನು ನಾನು!

ಹಣ ಕೂಡಿಟ್ಟು ಬಿಡುವು ಪಡೆಯಿರಿ ಎಂಬ ವರದಿಯ ಉಪದೇಶವೂ ಚೆನ್ನಾಗಿದೆ. ಯಾವುದರಿಂದ ಕೂಡಿಡುವುದು? ಪಿಎಫ್ ಪಿಂಚಣಿ ಕನಿಷ್ಠ 1,000 ರೂಪಾಯಿ ಎಂದು 2014ರಲ್ಲಿ ನಿಗದಿ ಮಾಡಿದ ಮಹಾನುಭಾವರೂ ಆಮೇಲೆ ದೀರ್ಘ ರಜೆಯಲ್ಲಿ ಹೋದಂತಿದೆ. ಇಂದ್ರಾಳಿ ರೈಲ್ವೆ ಸೇತುವೆಯ ಕಾಮಗಾರಿ ಎಷ್ಟು ವರ್ಷ ರಜೆಯಲ್ಲಿತ್ತು ಎಂಬುದನ್ನು ಉಡುಪಿಯವರಿಗೆ ಹೇಳಬೇಕಾಗಿಲ್ಲ. ಗಡುವಿನ ಮೇಲೆ ಗಡುವು ಕೊಟ್ಟವರು, ಸಂತೆಕಟ್ಟೆಯಲ್ಲಿ ಹೆದ್ದಾರಿ ಅಗೆದು ನಮಗೆ ಧೂಳು ತಿನ್ನಿಸಿದವರು, ಎಲ್ಲರೂ ಒಂದೇ ಗರಡಿಯಲ್ಲಿ ಪಳಗಿದವರು.

ಜಿಲ್ಲಾಡಳಿತ ಆ ಕುರ್ಚಿಗೆ ಯಾರನ್ನಾದರೂ ಕೂರಿಸಲಿ, ಇಲ್ಲವೇ ಟವೆಲ್ಲಿಗೇ ಲಾಗಿನ್ ಕೊಡಲಿ. ಖಾಸಗಿ ನೌಕರರಿಗೂ ನಾಲ್ಕು ದಿನ ಉಸಿರಾಡಲು ಬಿಡುವಂತೆ ಯಾರಾದರೂ ಏನಾದರೂ ಮಾಡಲಿ. ಜನರನ್ನು ಆರು ಸಲ ಅಲೆಸಲು ಇವರಿಗೆ ನಾಚಿಕೆಯಾದರೂ ಆಗಬೇಡವೇ?

— ನೊಂದ ಓದುಗ, ಸಂತೆಕಟ್ಟೆ, ಉಡುಪಿ