ಭಾನುವಾರದ ಅಧ್ಯಯನ ಕೂಟ: ನಿಜವಾದ ಪ್ರೀತಿ

ಕ್ರಿಸ್ತನಲ್ಲಿ ಪ್ರಿಯ ಸಹೋದರ ಸಹೋದರಿಯರಿಗೆ ವಂದನೆಗಳು. ಬರುವ ಭಾನುವಾರ ಆರಾಧನೆಯ ನಂತರ, 11 ಗಂಟೆಗೆ, ದಾವಣಗೆರೆಯ ನಮ್ಮ ಸಭೆಯ ಹಿಂಬದಿ ಕೊಠಡಿಯಲ್ಲಿ ಯುವಜನರಿಗೂ ಮದುವೆ ನಿಶ್ಚಯವಾದವರಿಗೂ ಸತ್ಯವೇದ ಅಧ್ಯಯನವಿರುತ್ತದೆ.

ನಾವು ಲಗ್ನಪತ್ರಿಕೆಗಳಲ್ಲಿ ಅಚ್ಚು ಹಾಕಿಸುವ 1 ಕೊರಿಂಥ (ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ) 13ನೇ ಅಧ್ಯಾಯವನ್ನು ಅಪೊಸ್ತಲನಾದ ಪೌಲನು ಬರೆದದ್ದು ಮದುವೆಮನೆಗಲ್ಲ; ತಂದೆಯ ಹೆಂಡತಿಯನ್ನೇ ಇಟ್ಟುಕೊಂಡವನನ್ನು ಸಹಿಸಿಕೊಂಡು ಬೀಗುತ್ತಿದ್ದ, ಸಹೋದರರ ಮೇಲೆಯೇ ವ್ಯಾಜ್ಯ ಹೂಡುತ್ತಿದ್ದ ಕೊರಿಂಥವೆಂಬ ಬಂದರು ಪಟ್ಟಣದ ಸಭೆಗೆ. ಆ ಅಧ್ಯಾಯದಲ್ಲಿ ಪ್ರೀತಿಗೆ ಬಳಸಿರುವ ಗ್ರೀಕ್ ಪದ ‘ಅಗಾಪೆ’. ಅದು ಸ್ವಪ್ರಯೋಜನವನ್ನು ಹುಡುಕದ ಪ್ರೀತಿ.

ಆ ಸಭೆಯ ಈ ತಪ್ಪುಗಳ ಬಗ್ಗೆ ಹೇಳುವ 5 ಮತ್ತು 6ನೇ ಅಧ್ಯಾಯಗಳನ್ನು ಬಿಟ್ಟು 13ಕ್ಕೆ ಹಾರಬಾರದೆಂಬುದು ನನ್ನ ಅಭಿಪ್ರಾಯವಾದ್ದರಿಂದ, ಮೂರನ್ನೂ ಮನೆಯಲ್ಲೇ ಓದಿಕೊಂಡು, ತಮ್ಮ ತಮ್ಮ ಸತ್ಯವೇದವನ್ನು ತಪ್ಪದೆ ತನ್ನಿ (ಕಳೆದ ಸಲ ಐದು ಜನರಿಗೆ ಒಂದೇ ಪುಸ್ತಕವಿತ್ತು). ಹರಿಹರದಿಂದ ಬರುವವರೂ ಸೇರಿ ಎಲ್ಲರೂ ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿದರೆ ಮಂಡಕ್ಕಿ, ಮಿರ್ಚಿಯ ಲೆಕ್ಕ ಹಾಕಲು ಅನುಕೂಲವಾಗುತ್ತದೆ.