ಅಪ್ಪನ ನೀರಿನ ಬಗ್ಗೆ ಅವ್ವನಿಗೆ

ಕುವೈತ್
ಮೇ 4

ಪ್ರೀತಿಯ ಅವ್ವ,

ನಿನ್ನ ಮಗಳ ನಮಸ್ಕಾರ. ಫೋನಿನಲ್ಲಿ ಎಲ್ಲ ಹೇಳಲು ಆಗುವುದಿಲ್ಲ ಅಂತ ಬರೆಯುತ್ತಿದ್ದೇನೆ. ಒಂದೋ ಲೈನ್ ಕಡಿದು ಹೋಗುತ್ತದೆ, ಇಲ್ಲವೇ ಅಪ್ಪ ಪಕ್ಕದಲ್ಲೇ ಇರುತ್ತಾರೆ. ತಮ್ಮ ಇದನ್ನು ನಿನಗೆ ಓದಿ ಹೇಳಲಿ. ಅಪ್ಪ ಮಲಗಿದ ಮೇಲೆ ಸಾವಕಾಶ ಕೂತು ಓದಿ.

ನಿನ್ನೆ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. “ನೀರು ಬೇಕಾ ಅಂತ ಕೇಳಿದರೆ ಬೇಡ ಅಂತಾರೆ, ಬಾಯಾರಿಕೆ ಇಲ್ಲಂತೆ” ಅಂದೆ. ಅವ್ವಾ, ಇನ್ನು ಮೇಲೆ ಬೇಕಾ ಅಂತ ಕೇಳಲೇಬೇಡ. ಗಡಿಯಾರ ನೋಡಿ ಕೊಡು. ವಯಸ್ಸಾದ ಮೇಲೆ ಬಾಯಾರಿಕೆ ಕಡಿಮೆ ಆಗುತ್ತದೆ. ಮೈಯಲ್ಲಿ ನೀರು ಇಳಿದಿದ್ದರೂ ನಾಲಿಗೆ ಕೇಳುವುದಿಲ್ಲ. ಅದರ ಮೇಲೆ ಅಪ್ಪನಿಗೆ ಕ್ಯಾನ್ಸರಿಗೆಂದು ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಿ ಬಾಯೆಲ್ಲ ಹುಣ್ಣಾಗಿದೆ, ಒಂದು ಗುಟುಕು ನುಂಗಿದರೂ ಉರಿ. ಅವರು ಬೇಡ ಅನ್ನುವುದು ನೋವಿಗೆ, ನೀರು ಸಾಕಾಗಿ ಅಲ್ಲ.

ವಾರಕ್ಕೊಮ್ಮೆ ಅವರಿಗೆ ಹಾಕುವ ಔಷಧಿಯ ಹೆಸರು ಸಿಸ್‌ಪ್ಲಾಟಿನ್. ಬಾಯಿ, ಗಂಟಲಿನ ಗಡ್ಡೆಗೆ ಕರೆಂಟಿನ ಜೊತೆ ಕೊಡುವ ಒಳ್ಳೆಯ ಔಷಧಿ ಅದು. ಆದರೆ ಅದು ಮೈಯಿಂದ ಹೊರಗೆ ಹೋಗುವುದು ಕಿಡ್ನಿಯ ದಾರಿಯಲ್ಲಿ. ನೀರು ಸಾಲದೆ ಹೋದರೆ ಅಲ್ಲೇ ನಿಂತು ಕಿಡ್ನಿಯನ್ನು ಕೆಡಿಸುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಆ ದಿನ ಮೊದಲು ಸಲೈನ್ ಹಚ್ಚಿ, ಆಮೇಲೆ ಔಷಧಿ ಹಾಕಿ, ಮತ್ತೆ ಸಲೈನ್ ಹಚ್ಚುತ್ತಾರೆ. ಮನೆಗೆ ಬಂದ ಮೇಲೆ ಆ ಕೆಲಸ ನಿನ್ನ ಕೈಯಲ್ಲಿದೆ. ಮುಂದಿನ ಎರಡು ಮೂರು ದಿನ ಚೆನ್ನಾಗಿ ಕುಡಿಯಲೇಬೇಕು. ಕಿಡ್ನಿ ಕೆಟ್ಟರೆ ಡಾಕ್ಟರು ಆ ಔಷಧಿ ನಿಲ್ಲಿಸಬೇಕಾಗುತ್ತದೆ. ಇಷ್ಟು ಕಷ್ಟಪಟ್ಟು ಅರ್ಧ ದಾರಿ ಬಂದ ಮೇಲೆ ಹಾಗಾಗಬಾರದು ಅಲ್ವಾ.

ಡಾಕ್ಟರು ದಿನಕ್ಕೆ ಎರಡೂವರೆ ಲೀಟರ್ ಅಂದಿದ್ದಾರೆ. ಕೇಳಿದರೆ ಜಾಸ್ತಿ ಅನ್ನಿಸುತ್ತದೆ. ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಗಂಟೆಗೊಂದು ಸಣ್ಣ ಲೋಟ, ನೂರೈವತ್ತು ಎಂಎಲ್‌ನದು, ಕೊಟ್ಟರೆ ಎರಡೂಕಾಲು ಲೀಟರ್ ಆಗಿಹೋಗುತ್ತದೆ. ಉಳಿದದ್ದು ಗಂಜಿಯಲ್ಲಿ ಬರುತ್ತದೆ. ಲೋಟ ತುಂಬ ಒಮ್ಮೆಗೇ ಮುಂದೆ ಹಿಡಿಯಬೇಡ, ನೋಡಿದರೇ ಅವರಿಗೆ ಭಯ. ಗುಟುಕು ಗುಟುಕಾಗಿ ಹೋಗಲಿ, ಬೇಕಾದರೆ ಚಮಚದಲ್ಲಿ. ನುಂಗುವ ಹೊತ್ತಿಗೆ ನೆಟ್ಟಗೆ ಕೂತಿರಬೇಕು. ಹುಣ್ಣಿಗೆಂದು ಡಾಕ್ಟರು ಬರೆದುಕೊಟ್ಟ ಜೆಲ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಕುಡಿಸಿದರೆ ಉರಿ ಕಡಿಮೆ.

ಬರೀ ನೀರನ್ನೇ ಕುಡಿಸುತ್ತಾ ಹೋಗುವುದೂ ಸರಿಯಲ್ಲ. ಊಟ ಸರಿಯಾಗಿ ಇಳಿಯದ ಮನುಷ್ಯ ಬರೀ ನೀರು ಕುಡಿದರೆ ಮೈಯ ಉಪ್ಪು, ಅಂದರೆ ಸೋಡಿಯಂ, ಇಳಿಯುತ್ತದೆ. ಈ ಔಷಧಿಗೂ ಅದನ್ನು ಇಳಿಸುವ ಗುಣವಿದೆ. ಸೋಡಿಯಂ ಇಳಿದರೆ ಮಂಪರು ಬರುತ್ತದೆ, ಮಾತು ತಡವರಿಸುತ್ತದೆ. ಅದಕ್ಕೆ ಒಂದು ಸಲ ನೀರು, ಒಂದು ಸಲ ತೆಳ್ಳಗಿನ ಮಜ್ಜಿಗೆ, ಒಂದು ಸಲ ಗಂಜಿ ಅಥವಾ ಹೆಸರುಬೇಳೆ ಕಟ್ಟು, ಹೀಗೆ ತಿರುಗಿಸಿ ಕೊಡು. ಮಜ್ಜಿಗೆ ಹುಳಿ ಬಂದಿರಬಾರದು. ಮನೆಯಲ್ಲೇ ಹೆಪ್ಪು ಹಾಕಿದ್ದು, ಅವತ್ತಿನದೇ ಆಗಬೇಕು. ಹಸಿಮೆಣಸಿನಕಾಯಿ, ಶುಂಠಿ ಬೇಡ. ಜೋಳದ ಅಂಬಲಿ ಅಪ್ಪನಿಗೆ ಇಷ್ಟ, ನುಣ್ಣಗೆ ಸೋಸಿ ಆರಿಸಿ ಕೊಟ್ಟರೆ ಅದಕ್ಕಿಂತ ಒಳ್ಳೆಯದು ಇಲ್ಲ. ಲಿಂಬು ಶರಬತ್ತು ಹುಣ್ಣು ಮಾಯುವವರೆಗೆ ಬೇಡ. ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲು, ಗಾಡಿಯ ಐಸು ಅವರ ಬಾಯಿಗೆ ಹೋಗಲೇಬಾರದು. ಈಗ ಅವರ ರಕ್ತದಲ್ಲಿ ಸೋಂಕು ತಡೆಯುವ ಬಿಳಿ ಕಣ ಕಡಿಮೆ ಇರುತ್ತವೆ. ಹರವಿಗೆ ಕುದಿಸಿ ಆರಿಸಿದ ನೀರನ್ನೇ ತುಂಬು. ಅದನ್ನು ದಿನಾ ತೊಳೆದು ಮುಚ್ಚಿಡು, ಒಳಗೆ ಕೈ ಅದ್ದದೆ ಹಿಡಿಕೆ ಇರುವ ಸೌಟಿನಿಂದ ತೆಗೆ.

ನಮ್ಮ ಸೇಡಂ ಬಿಸಿಲಿನಲ್ಲಿ ಇನ್ನೊಂದು ಮೋಸವಿದೆ. ಇಲ್ಲೂ ಅದೇ. ಈ ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿತ್ತು. ಜೂನ್ 1ರಿಂದ ಆಗಸ್ಟ್ ಕೊನೆಯವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಸರಕಾರದ ಕಟ್ಟಪ್ಪಣೆ. ಆದರೂ ಪ್ರತಿ ಬೇಸಿಗೆಯಲ್ಲೂ ಕಟ್ಟಡ ಕೆಲಸದ ಹುಡುಗರು ನಾನು ಕೆಲಸ ಮಾಡುವ ಆಸ್ಪತ್ರೆಯ ವಾರ್ಡಿಗೆ ಬರುತ್ತಾರೆ. ಎಷ್ಟೋ ಜನ ಕಡಪ ಕಡೆಯವರು, ನಾನು ತೆಲುಗಿನಲ್ಲೇ ಮಾತಾಡಿಸುತ್ತೇನೆ. “ಅಕ್ಕಾ, ಬೆವರೇ ಬರಲಿಲ್ಲ, ಹಾಗಾಗಿ ನೀರು ಕುಡಿಯಲಿಲ್ಲ” ಅನ್ನುತ್ತಾರೆ. ಒಣ ಗಾಳಿಯಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುತ್ತದೆ. ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿದಿರುತ್ತದೆ. ಅಪ್ಪನ ಮೈ ಒಣಗಿದೆ ಅಂದರೆ ಬೆವರು ಹೋಗುತ್ತಿಲ್ಲ ಅಂತಲ್ಲ. ಏಪ್ರಿಲ್, ಮೇ ಬಂದರೆ ನಮ್ಮ ಕಡೆ ಸರಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಗಟ್ಟಿಮುಟ್ಟಾದವರಿಗೇ ಹೀಗಿರುವಾಗ ಕಾಯಿಲೆಯವರನ್ನು ತಗಡಿನ ಕೆಳಗೆ ಮಲಗಿಸಬೇಡಿ. ಮಂಚವನ್ನು ಒಳಗಿನ ಕೋಣೆಗೆ ತನ್ನಿ. ಕೂಲರ್ ಹಾಕಿದಾಗ ಎದುರಿನ ಕಿಟಕಿ ತೆರೆದಿರಲಿ, ಇಲ್ಲದಿದ್ದರೆ ಕೋಣೆಯಲ್ಲಿ ತೇವ ತುಂಬಿ ಸೆಕೆ ಜಾಸ್ತಿಯಾಗುತ್ತದೆ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆಯಿಂದ ಅಪ್ಪ ನೀರು ಮುಟ್ಟುವುದಿಲ್ಲ ಅಂತ ತಮ್ಮ ಹೇಳಿದ. ಕಾರಣ ನನಗೆ ಗೊತ್ತು. ಕಲಬುರಗಿ ಮುಟ್ಟುವವರೆಗೆ ಒಂದಕ್ಕೆ ಹೋಗಲು ಜಾಗವಿಲ್ಲ, ಬಸ್ಸು ನಿಲ್ಲಿಸಿ ಅಂತ ಕೇಳಲು ಸಂಕೋಚ. ನೀನೂ ಅದೇ ಮಾಡುತ್ತೀಯ ಅವ್ವ. ನೀನು ಹೇಳದಿದ್ದರೂ ಗೊತ್ತು. ನಮ್ಮ ಕಡೆಯ ಹೆಂಗಸರು ಮೊದಲಿಂದ ಹೀಗೇ ಬಾಯಿ ಕಟ್ಟಿ ಪ್ರಯಾಣ ಮಾಡಿದವರು. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ. ವಾರದಲ್ಲಿ ಐದು ದಿನ ಕರೆಂಟಿಗೆ ಓಡಾಡಬೇಕು, ಐದು ದಿನವೂ ಅರ್ಧ ದಿನ ಒಣಗಿ ಕೂತರೆ ಹೇಗೆ? ದುಡ್ಡು ಕಳಿಸುತ್ತೇನೆ, ಸಿಸ್‌ಪ್ಲಾಟಿನ್ ಹಾಕುವ ದಿನ ಮತ್ತು ಅದರ ಮರುದಿನ ಗಾಡಿ ಮಾಡಿಕೊಂಡು ಹೋಗಿ. ದಾರಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ದುಡ್ಡಿನ ಮಾತು ತೆಗೆಯಬೇಡ. ಉಳಿದ ದಿನ ಬಸ್ಸಿಗೆ ಹೋದರೂ ನೀರಿನ ಬಾಟಲಿ ಅಪ್ಪನಿಗೊಂದು, ನಿನಗೊಂದು ಬೇರೆ ಬೇರೆ ಇರಲಿ. ಒಂದೇ ಬಾಟಲಿ ಇದ್ದರೆ ನೀನು ಕುಡಿಯುವುದಿಲ್ಲ.

ಓಆರ್‌ಎಸ್ ಪುಡಿ ಮನೆಯಲ್ಲಿ ನಾಲ್ಕೈದು ಪೊಟ್ಟಣ ಇಟ್ಟಿರಿ. ಅದು ದಿನನಿತ್ಯದ ಕುಡಿಯುವ ನೀರಲ್ಲ. ವಾಂತಿ, ಭೇದಿ ಶುರುವಾದರೆ ಮಾತ್ರ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು, ಅರ್ಧ ಪುಡಿ ಒಂದು ಲೋಟಕ್ಕೆ ಕಲಸುವುದು ತಪ್ಪು. ಮೇಲೆ ಸಕ್ಕರೆ ಹಾಕಬಾರದು, ಕಲಸಿದ ಮೇಲೆ ಕುದಿಸಬಾರದು, ಒಂದು ದಿನ ಕಳೆದರೆ ಚೆಲ್ಲಬೇಕು. ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಒ ಸೂತ್ರ ಅಂತ ಇರುವುದನ್ನೇ ತಮ್ಮ ಮೆಡಿಕಲ್ ಶಾಪಿನಲ್ಲಿ ಕೇಳಲಿ. ಬಣ್ಣದ ಡಬ್ಬಿಯ ಸಿಹಿ ಪಾನೀಯಗಳು ಅದೇ ಹೆಸರಲ್ಲಿ ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಅದನ್ನು ನಿಲ್ಲಿಸಿತು, ಹೈದರಾಬಾದಿನ ಮಕ್ಕಳ ಡಾಕ್ಟರಮ್ಮ ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಹೋರಾಡಿದ ಮೇಲೆ. ಪುಡಿ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ಸಮಮಟ್ಟವಾಗಿರಲಿ, ಗೋಪುರ ಬೇಡ. ಉಪ್ಪು ಹೆಚ್ಚಾದರೆ ಅಪಾಯ.

ಈ ಉಪ್ಪು ಸಕ್ಕರೆ ನೀರನ್ನು ಹಗುರವಾಗಿ ಕಾಣಬೇಡ ಅವ್ವ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿತು. ಸಲೈನ್ ಬಾಟಲಿ ಸಾಲದಾದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಈ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಅಲ್ಲಿ ನೂರಕ್ಕೆ ಸುಮಾರು ಮೂವತ್ತು ಜನ ಸಾಯುತ್ತಿದ್ದರು, ಅದು ನಾಲ್ಕಕ್ಕಿಂತ ಕಡಿಮೆಗೆ ಇಳಿಯಿತು. ಕುಡಿಸುತ್ತಾ ಪಕ್ಕದಲ್ಲಿ ಕೂತವರು ಹೆಚ್ಚಿನ ಕಡೆ ರೋಗಿಗಳ ಮನೆಯವರೇ. ಸಕ್ಕರೆ ಇದ್ದರೆ ಕರುಳು ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಬರುತ್ತದೆ. ನೀನು “ಶಕ್ತಿಗೆ ಒಂದು ಸಲೈನ್ ಹಚ್ಚಿಸೋಣವೇ” ಅಂತ ಕೇಳಿದ್ದೆ. ಅರ್ಧ ಲೀಟರಿನ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಷ್ಟೇ. ಬಾಯಿಂದ ಹೋಗುವಷ್ಟು ದಿನ ಸುಮ್ನೆ ಸೂಜಿ ಚುಚ್ಚಿಸುವುದು ಬೇಡ.

ಬಾಯಿಂದ ಹೋಗದ ದಿನ ಬಂದರೆ ಮೂಗಿಗೆ ನಳಿಕೆ ಹಾಕುತ್ತೇವೆ ಅಂತ ಡಾಕ್ಟರು ಹೇಳಬಹುದು. ಆಗ ಅಳಬೇಡ. ಕೈ ಬಿಟ್ಟಿದ್ದಾರೆ ಅಂತ ಅದರ ಅರ್ಥವಲ್ಲ. ಹುಣ್ಣು ಮಾಯುವ ತನಕ ನೀರು, ಗಂಜಿ, ಮಾತ್ರೆ ನೋವಿಲ್ಲದೆ ಹೋಗಲು ಅದು ದಾರಿ. ಎಷ್ಟೋ ಜನ ನಳಿಕೆ ತೆಗೆಸಿಕೊಂಡು ಆಮೇಲೆ ರೊಟ್ಟಿ ಉಂಡಿದ್ದನ್ನು ನಾನೇ ನೋಡಿದ್ದೇನೆ.

ದೊಡ್ಡಪ್ಪನ ವಿಷಯ ಬೇರೆ. ಡಯಾಲಿಸಿಸ್‌ನಲ್ಲಿ ಇರುವವರಿಗೆ ನೀರು ಅಳತೆ ಮಾಡಿಯೇ ಕೊಡಬೇಕು. ಅಪ್ಪನಿಗೆ ಹೇಳಿದ್ದನ್ನು ದೊಡ್ಡಮ್ಮ ಅವರಿಗೂ ಮಾಡಿಬಿಟ್ಟರೆ ಉಸಿರು ಕಟ್ಟುತ್ತದೆ. ನೋಡಲು ಬಂದವರು ಇಬ್ಬರಿಗೂ ಎಳನೀರು ತರುತ್ತಾರೆ ಅಂದೆ. ದೊಡ್ಡಪ್ಪನಿಗೆ ಎಳನೀರು ಕೊಡಲೇಬಾರದು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕೆಲಸ ಮಾಡದ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ, ಹೃದಯಕ್ಕೇ ತೊಂದರೆ. ದೊಡ್ಡಮ್ಮನಿಗೆ ಇವತ್ತೇ ಹೇಳು. ಅಪ್ಪನಿಗೂ ಎಳನೀರು ಕೊಡುವುದು ರಕ್ತದ ರಿಪೋರ್ಟ್ ನೋಡಿ.

ತಮ್ಮ, ಇದು ನಿನಗೆ. ಒಂದು ನೋಟ್‌ಬುಕ್ ಇಡು. ಅಪ್ಪ ಎಷ್ಟು ಕುಡಿದರು, ಎಷ್ಟು ಸಲ ಒಂದಕ್ಕೆ ಹೋದರು, ಬಣ್ಣ ಹೇಗಿತ್ತು ಅಂತ ಬರೆ. ತಿಳಿ ಹಳದಿ ಇದ್ದರೆ ಸರಿ. ಚಹಾದ ಬಣ್ಣಕ್ಕೆ ತಿರುಗಿದರೆ ಅಥವಾ ಎಂಟು ಗಂಟೆ ಹೋಗದೇ ಇದ್ದರೆ ಡಾಕ್ಟರಿಗೆ ಫೋನ್ ಮಾಡು. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಮಾತು ಅಡ್ಡಾದಿಡ್ಡಿಯಾದರೆ, ಕುಡಿದದ್ದೆಲ್ಲ ವಾಂತಿಯಾದರೆ ಬೆಳಗಾಗುವವರೆಗೆ ಕಾಯಬೇಡ. ಜ್ವರ 100.4 ದಾಟಿದರೂ ಅಷ್ಟೇ, ರಾತ್ರಿಯಾದರೂ ಕರೆದುಕೊಂಡು ಹೋಗು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬಾರದು. ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಬೇಡ, ಈ ಔಷಧಿಯ ಜೊತೆ ಅವು ಕಿಡ್ನಿಗೆ ವಿಷ. ವಾಂತಿ, ಭೇದಿ ಇರುವ ದಿನ ಬಿಪಿ ಮಾತ್ರೆ ಕೊಡುವ ಮೊದಲು ಡಾಕ್ಟರನ್ನು ಕೇಳು.

ಬುಧವಾರದ ರಿಪೋರ್ಟ್ ಕೈಗೆ ಬಂದ ಕೂಡಲೇ ಫೋಟೊ ಕಳಿಸು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್, ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ಮೂರೂ ಫೋಟೊದಲ್ಲಿ ಸರಿಯಾಗಿ ಕಾಣಬೇಕು. ನನಗೆ ಈ ವಾರ ರಾತ್ರಿ ಪಾಳಿ, ಎಷ್ಟು ಹೊತ್ತಿಗೆ ಕಳಿಸಿದರೂ ನೋಡುತ್ತೇನೆ. ಗಾಡಿಯವನ ಬಾಡಿಗೆ ಎಷ್ಟು ಅಂತಲೂ ಅವತ್ತೇ ತಿಳಿಸು.

ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ನಿನ್ನ ಮಗಳು