ಹುಳಿ ಇದ್ದಲ್ಲೆಲ್ಲ ವಿಟಮಿನ್ ಸಿ ಇರುವುದಿಲ್ಲ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ

ಮಾನ್ಯ ಪೋಷಕರೇ,

ಬಿಸಿಯೂಟದ ತಟ್ಟೆಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅನ್ನ ಉಳಿಯುವುದಿಲ್ಲ, ಸಾರೂ ಉಳಿಯುವುದಿಲ್ಲ. ಸಾರಿನಲ್ಲಿದ್ದ ತರಕಾರಿ ಮಾತ್ರ ತಟ್ಟೆಯ ಅಂಚಿಗೆ ಸರಿದಿರುತ್ತದೆ. ಕೆಲವು ಮಕ್ಕಳದು ಮನೆಯಲ್ಲೂ ಇದೇ ಹಟ: ಹಾಲು, ಬಿಸ್ಕತ್ತು, ಮೊಸರನ್ನ, ಸಂಜೆಗೆ ಅಂಗಡಿಯ ಪೊಟ್ಟಣ. ಹೊಟ್ಟೆ ತುಂಬುತ್ತದೆ, ತೂಕವೂ ಸರಿಯಾಗಿಯೇ ಇರಬಹುದು. ಆದರೆ ಇವುಗಳಲ್ಲಿ ವಿಟಮಿನ್ ಸಿ ಇಲ್ಲವೆನ್ನುವಷ್ಟು ಕಡಿಮೆ. ಅದು ತಿಂಗಳುಗಟ್ಟಲೆ ಸಿಗದೆ ಹೋದರೆ ಬರುವ ಕಾಯಿಲೆಯೇ ಸ್ಕರ್ವಿ. ಹಳೆಯ ಕಾಲದ ಹಡಗಿನವರ ಕಾಯಿಲೆ ಎಂದು ಪಾಠದಲ್ಲಿ ಓದಿ ಮರೆಯುತ್ತೇವೆ. ಆದರೆ ಹಣ್ಣು ತರಕಾರಿ ಮುಟ್ಟದ ಮಕ್ಕಳಲ್ಲಿ ವೈದ್ಯರು ಇದನ್ನು ಈಗಲೂ ಕಾಣುತ್ತಾರೆ. ಆಟಿಸಂ ಇರುವ ಅಥವಾ ಬೆಳವಣಿಗೆ ನಿಧಾನವಾಗಿರುವ ಕೆಲವು ಮಕ್ಕಳು ಒಂದೆರಡು ತಿಂಡಿ ಬಿಟ್ಟು ಬೇರೇನನ್ನೂ ಬಾಯಿಗೆ ಇಡುವುದಿಲ್ಲ. ಅಂಥ ಮಕ್ಕಳ ತಂದೆ ತಾಯಿ ಈ ಪತ್ರವನ್ನು ಪೂರ್ತಿ ಓದಬೇಕೆಂದು ವಿನಂತಿ.

ಹಸು, ಮೇಕೆ, ನಾಯಿಗಳು ತಮಗೆ ಬೇಕಾದ ವಿಟಮಿನ್ ಸಿಯನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ ಆ ಶಕ್ತಿ ಇಲ್ಲ, ಊಟದಿಂದಲೇ ಸಿಗಬೇಕು. ಅದಿಲ್ಲದಿದ್ದರೆ ದೇಹಕ್ಕೆ ಕೊಲಾಜನ್ ಎಂಬ ಪ್ರೋಟೀನನ್ನು ಗಟ್ಟಿಯಾಗಿ ಹೆಣೆಯಲು ಆಗುವುದಿಲ್ಲ. ರಕ್ತನಾಳ, ಒಸಡು, ಚರ್ಮ, ಮೂಳೆ ಇವನ್ನೆಲ್ಲ ಗೋಡೆಯ ಗಾರೆಯ ಹಾಗೆ ಹಿಡಿದಿಡುವುದು ಈ ಕೊಲಾಜನ್. ಅದು ಸಡಿಲವಾದ ಕಡೆಯಲ್ಲೆಲ್ಲ ರಕ್ತ ಜಿನುಗುತ್ತದೆ. ವಯಸ್ಕರ ದೇಹದಲ್ಲಿ ಸುಮಾರು 1,500 ಮಿಲಿಗ್ರಾಂ ದಾಸ್ತಾನು ಇರುತ್ತದೆ. ಹೊಸದಾಗಿ ಏನೂ ಸೇರದಿದ್ದರೆ ಒಂದರಿಂದ ಮೂರು ತಿಂಗಳಲ್ಲಿ ಲಕ್ಷಣಗಳು ಶುರುವಾಗುತ್ತವೆ. ಜ್ವರ ಬಂದು ಒಂದು ವಾರ ಊಟ ಬಿಟ್ಟ ಮಗುವಿಗೆ ಸ್ಕರ್ವಿ ಬರುವುದಿಲ್ಲ, ಆ ಭಯ ಬೇಡ.

ಮೊದಲು ಕಾಣುವುದು ಸುಸ್ತು, ಸಿಡುಕು, ಹಸಿವಿಲ್ಲದಿರುವುದು. ಇವು ನೂರು ಕಾರಣಕ್ಕೆ ಬರುತ್ತವೆ. ಮಕ್ಕಳಲ್ಲಿ ನಿಜವಾದ ಸುಳಿವು ಕಾಲುನೋವು. ಮೂಳೆಯ ಮೇಲ್ಪದರದ ಕೆಳಗೆ ರಕ್ತ ಜಿನುಗಿ, ಮೊಣಕಾಲಿನ ಸುತ್ತ ಮುಟ್ಟಿದರೆ ಸಾಕು ಮಗು ಕಿರುಚುತ್ತದೆ. ಕುಂಟುತ್ತದೆ, ಎತ್ತಿಕೋ ಎನ್ನುತ್ತದೆ, ಕೊನೆಗೆ ನಡೆಯುವುದನ್ನೇ ಬಿಡುತ್ತದೆ. ಕಪ್ಪೆಯ ಹಾಗೆ ಕಾಲು ಮಡಚಿ ಮಲಗುತ್ತದೆ. ಬಿದ್ದಿರಬೇಕು, ಉಳುಕಿರಬೇಕು ಎಂದು ಎಣ್ಣೆ ಹಾಕಿ ನೀವಿಸಿದರೆ ನೋವು ಹೆಚ್ಚೇ ಆಗುತ್ತದೆ. ಒಸಡು ಊದಿ, ನೇರಳೆ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ರಕ್ತ ಬರುತ್ತದೆ. ಕಾಲಿನ ಕೂದಲ ಬುಡದಲ್ಲಿ ಕೆಂಪು ಚುಕ್ಕೆಗಳು ಏಳುತ್ತವೆ, ಕೂದಲು ಸುರುಳಿ ಸುತ್ತಿಕೊಳ್ಳುತ್ತದೆ. ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆ ಕಾಣುತ್ತದೆ, ಗಾಯ ಬೇಗ ಮಾಯುವುದಿಲ್ಲ. ಹಲ್ಲುಜ್ಜುವಾಗ ಒಂಚೂರು ರಕ್ತ ಬಂದರೆ ಸ್ಕರ್ವಿ ಎಂದು ಗಾಬರಿಯಾಗಬೇಡಿ. ಬಹಳಷ್ಟು ಮಕ್ಕಳಲ್ಲಿ ಅದು ಹಲ್ಲಿನ ಮೇಲೆ ಕೂತ ಕೊಳೆಯಿಂದ. ಆದರೆ ಕಾಲುನೋವು, ಒಸಡಿನ ಊತ, ಹಣ್ಣು ತರಕಾರಿ ತಿನ್ನದ ಅಭ್ಯಾಸ, ಈ ಮೂರೂ ಒಟ್ಟಿಗೆ ಇದ್ದರೆ ಒಂದು ದಿನವೂ ತಡ ಮಾಡಬಾರದು.

ಇನ್ನು ನಮ್ಮ ಕಡೆ ಎಲ್ಲರೂ ಹೇಳುವ ಮಾತು: "ದಿನಾ ಹುಳಿ ಸಾರು ಉಣ್ಣುತ್ತಾನೆ, ಇವನಿಗೆಲ್ಲಿಯ ಕೊರತೆ?" ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲದ್ದು, ಮೊಸರಿನ ಹುಳಿ ಲ್ಯಾಕ್ಟಿಕ್ ಆಮ್ಲದ್ದು. ಎರಡರಲ್ಲೂ ವಿಟಮಿನ್ ಸಿ ಲೆಕ್ಕಕ್ಕೆ ಬರುವಷ್ಟಿಲ್ಲ. ಇದು 1747ರಲ್ಲೇ ಹಡಗಿನ ಮೇಲೆ ಕಂಡುಬಂದ ವಿಷಯ. ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿಯಾಗಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಮದ್ದು ಕೊಟ್ಟ. ಒಂದು ಜೋಡಿಗೆ ವಿನೆಗರ್, ಇನ್ನೊಂದಕ್ಕೆ ನೀರು ಬೆರೆಸಿದ ಗಂಧಕಾಮ್ಲ. ಎರಡೂ ಹುಳಿಯೇ, ಗುಣ ಕಾಣಲಿಲ್ಲ. ದಿನಕ್ಕೆ ತಲಾ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಜೋಡಿಯಲ್ಲಿ ಒಬ್ಬ ಆರೇ ದಿನಕ್ಕೆ ಕೆಲಸಕ್ಕೆ ಎದ್ದು ನಿಂತ.

ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕದಂತೆ 7ರಿಂದ 9 ವರ್ಷದವರಿಗೆ ದಿನಕ್ಕೆ 45 ಮಿಲಿಗ್ರಾಂ, 10ರಿಂದ 12ರವರಿಗೆ 50–55. ಒಂದು ಸಾಧಾರಣ ಗಾತ್ರದ ಸೀಬೆಹಣ್ಣಿನಲ್ಲಿ ಇದರ ಮೂರು ನಾಲ್ಕು ಪಟ್ಟು ಇದೆ: 100 ಗ್ರಾಂಗೆ 200 ಮಿಲಿಗ್ರಾಂಗೂ ಮೇಲೆ. ನೆಲ್ಲಿಕಾಯಿಯಲ್ಲಿ ಇನ್ನೂ ಹೆಚ್ಚು. ಬೆಟ್ಟದ ನೆಲ್ಲಿ ಒಂದೇ ಒಂದು ತಿಂದರೂ ಆ ದಿನದ್ದು ಮುಗಿಯಿತು. ಪರಂಗಿ ಹಣ್ಣು, ಕಿತ್ತಳೆ 100 ಗ್ರಾಂಗೆ 40ರ ಮೇಲೆ. ನಮ್ಮ ಜಿಲ್ಲೆಯ ಟೊಮೇಟೊ ಹಸಿಯಾಗಿ 100 ಗ್ರಾಂಗೆ ಸುಮಾರು 25. ಎರಡು ಟೊಮೇಟೊ ಹೆಚ್ಚಿ ಈರುಳ್ಳಿ, ಉಪ್ಪು ಬೆರೆಸಿ ಕೊಟ್ಟರೆ ಒಂದು ಮಗುವಿಗೆ ಸಾಕು. ನಿಂಬೆಹಣ್ಣಿಗೆ ಹೆಸರು ದೊಡ್ಡದು, ಆದರೆ ಒಂದು ಹಣ್ಣಿನ ರಸದಲ್ಲಿ ಸಿಗುವುದು 10–15 ಮಿಲಿಗ್ರಾಂ ಮಾತ್ರ. ಬಾಳೆಹಣ್ಣು, ಸೇಬು ಇದಕ್ಕೆ ಆಗುವುದಿಲ್ಲ. ರಾಗಿ, ಅಕ್ಕಿ, ಬೇಳೆಯಲ್ಲಿ ಇಲ್ಲ. ಶಾಲೆಯಲ್ಲಿ ಕೊಡುವ ಹಾಲು, ಮೊಟ್ಟೆ ಬೆಳವಣಿಗೆಗೆ ಬೇಕೇ ಬೇಕು, ಆದರೆ ಈ ಕೊರತೆಯನ್ನು ಅವು ತುಂಬಲಾರವು. ಮಾವಿನ ಸುಗ್ಗಿಯಲ್ಲಿ ನಮ್ಮ ತಾಲ್ಲೂಕಿನ ಮಕ್ಕಳ ಬಗ್ಗೆ ಅಷ್ಟು ಚಿಂತೆಯಿಲ್ಲ. ಉಳಿದ ತಿಂಗಳುಗಳಲ್ಲೇ ಎಚ್ಚರ ಬೇಕು.

ಸೀಬೆಹಣ್ಣು ಶೀತ, ನೆಗಡಿ ಬರುತ್ತದೆ ಎಂದು ಚಳಿಗಾಲದಲ್ಲಿ ಮಕ್ಕಳ ಕೈಯಿಂದ ಕಿತ್ತುಕೊಳ್ಳುವುದಿದೆ. ದಯವಿಟ್ಟು ಹಾಗೆ ಮಾಡಬೇಡಿ. ನೆಗಡಿ ತರುವುದು ವೈರಸ್, ಹಣ್ಣಲ್ಲ. ಇಷ್ಟು ಅಗ್ಗವಾಗಿ, ಇಷ್ಟು ಹತ್ತಿರದಲ್ಲಿ ಸಿಗುವ ಒಳ್ಳೆಯ ಹಣ್ಣನ್ನು ಅದರ ಕಾಲದಲ್ಲೇ ಮಕ್ಕಳಿಗೆ ತಪ್ಪಿಸುವುದು ನೋಡಿದರೆ ಸಂಕಟವಾಗುತ್ತದೆ. ಚೆನ್ನಾಗಿ ತೊಳೆದು, ಸಿಪ್ಪೆ ಸಮೇತ ಕೊಡಿ; ಸಿಪ್ಪೆಯಲ್ಲೂ ಸತ್ವ ಇದೆ.

ಅಡುಗೆಮನೆಯಲ್ಲಿ ಈ ವಿಟಮಿನ್ ಹಾಳಾಗುವುದು ಮೂರು ದಾರಿಯಲ್ಲಿ: ನೀರಿಗೆ ಬಿಡುತ್ತದೆ, ಬಿಸಿಗೆ ನಾಶವಾಗುತ್ತದೆ, ಹೆಚ್ಚಿದ ಮೇಲೆ ಗಾಳಿ ತಗುಲಿದರೂ ಕಡಿಮೆಯಾಗುತ್ತದೆ. ಆದ್ದರಿಂದ ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ನೀರಿನಲ್ಲಿ ನೆನೆಸಿಟ್ಟರೆ ಸತ್ವವೆಲ್ಲ ಆ ನೀರಿನ ಜೊತೆ ಮೋರಿಗೆ ಹೋಗುತ್ತದೆ. ರಾತ್ರಿಯೇ ತರಕಾರಿ ಹೆಚ್ಚಿಟ್ಟು ಬೆಳಿಗ್ಗೆ ಬೇಯಿಸುವುದು ಬೇಡ. ಬಸ್ಸಾರಿಗೆ ಸೊಪ್ಪು ಬೇಯಿಸುವಾಗ ನೀರು ಕುದಿ ಬಂದ ಮೇಲೆ ಸೊಪ್ಪು ಹಾಕಿ, ತಟ್ಟೆ ಮುಚ್ಚಿ, ಬೆಂದ ಕೂಡಲೇ ಇಳಿಸಿ. ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ನಮ್ಮ ಪದ್ಧತಿ ತುಂಬ ಒಳ್ಳೆಯದು, ನೀರಿಗೆ ಬಿಟ್ಟದ್ದು ವ್ಯರ್ಥವಾಗುವುದಿಲ್ಲ. ಆದರೂ ಅದೇ ಸಾರನ್ನು ಮಧ್ಯಾಹ್ನ, ರಾತ್ರಿ, ಮರುದಿನ ಎಂದು ಕುದಿಸಿ ಕುದಿಸಿ ಇಟ್ಟರೆ ಏನೂ ಉಳಿಯುವುದಿಲ್ಲ. ಬಣ್ಣ ಹಸಿರಾಗಿರಲಿ, ಬೇಗ ಬೇಯಲಿ ಎಂದು ಅಡುಗೆ ಸೋಡಾ ಹಾಕಲೇಬೇಡಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯೂ ಬೇಡ; ತಾಮ್ರ ಸೋಕಿದರೆ ವಿಟಮಿನ್ ಸಿ ಬೇಗ ಕೆಡುತ್ತದೆ.

ನುಗ್ಗೆಸೊಪ್ಪು ಹಸಿಯಾಗಿದ್ದಾಗ 100 ಗ್ರಾಂಗೆ 100 ಮಿಲಿಗ್ರಾಂ ದಾಟುತ್ತದೆ. ಬೇಯಿಸಿದಾಗ ಅರ್ಧ ಹೋದರೂ ಉಳಿದದ್ದು ಕಡಿಮೆಯೇನಲ್ಲ. ಚಿತ್ರಾನ್ನಕ್ಕೆ ನಿಂಬೆ ಹಿಂಡುವುದು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ. ಹೆಸರುಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಡಿ. ಒಣ ಕಾಳಿನಲ್ಲಿ ಇಲ್ಲದ ವಿಟಮಿನ್ ಸಿ ಮೊಳಕೆ ಬರುವಾಗ ಹುಟ್ಟುತ್ತದೆ. ಅದಕ್ಕೆ ಟೊಮೇಟೊ, ಕೊತ್ತಂಬರಿ ಸೊಪ್ಪು, ನಿಂಬೆರಸ ಸೇರಿಸಿದರೆ ಕೋಸಂಬರಿಯೇ ಆಯಿತು. ದಿನಕ್ಕೊಮ್ಮೆ ಬೇಯಿಸದ ಒಂದು ಹಣ್ಣೋ ಒಂದು ಹಿಡಿ ತರಕಾರಿಯೋ ಮಗುವಿನ ಹೊಟ್ಟೆಗೆ ಹೋಗಲಿ. ನಾವು ಕೇಳುತ್ತಿರುವುದು ಇಷ್ಟೇ.

ಇದರಿಂದ ರಕ್ತಹೀನತೆಗೂ ಸಹಾಯ ಇದೆ. ರಾಗಿ, ಸೊಪ್ಪು, ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಅದೇ ಊಟದ ಜೊತೆ ಸೀಬೆಯೋ ನಿಂಬೆಯೋ ಇದ್ದರೆ ಹೆಚ್ಚು ಹತ್ತುತ್ತದೆ, ಟೀ ಕುಡಿದರೆ ಇನ್ನೂ ಕಡಿಮೆಯಾಗುತ್ತದೆ. ಶಾಲೆಯಲ್ಲಿ ಕಬ್ಬಿಣದ ಮಾತ್ರೆ ಕೊಡುವ ದಿನವಾದರೂ ಮಕ್ಕಳಿಗೆ ಟೀ ಕೊಡಬೇಡಿ.

ಮನೆಯಲ್ಲಿ ಹಸುಗೂಸಿದ್ದರೆ ಆರು ತಿಂಗಳವರೆಗೆ ಎದೆಹಾಲೇ ಸಾಕು, ತಾಯಿ ಹಣ್ಣು ತಿನ್ನುತ್ತಿರಬೇಕು ಅಷ್ಟೆ. ಕುದಿಸಿದ ಹಸುವಿನ ಹಾಲಿನಲ್ಲೇ ಬೆಳೆದ ಕೂಸಿಗೆ ಈ ಕೊರತೆ ಬರಬಹುದು. ಆರು ತಿಂಗಳು ತುಂಬಿದ ಮೇಲೆ ಹಿಸುಕಿದ ಪರಂಗಿ ಹಣ್ಣು ಶುರುಮಾಡಿ. ಹಲ್ಲು ಬಿದ್ದು ಬರೀ ಮುದ್ದೆ ಸಾರಿನ ಮೇಲೆ ದಿನ ತಳ್ಳುವ ಅಜ್ಜ ಅಜ್ಜಿಯರನ್ನೂ ಗಮನಿಸಿ. ಬೀಡಿ ಸೇದುವವರಿಗೆ ಈ ವಿಟಮಿನ್ ಬೇರೆಯವರಿಗಿಂತ ಹೆಚ್ಚು ಬೇಕು.

ಅನುಮಾನ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಹೋಗುವ ಮೊದಲು ಮಗು ಕಳೆದ ಎರಡು ಮೂರು ತಿಂಗಳಿಂದ ಏನೇನು ತಿಂದಿದೆ, ಏನನ್ನು ಮುಟ್ಟಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಕೇಳದಿದ್ದರೂ ವೈದ್ಯರಿಗೆ ತೋರಿಸಿ. ಸ್ಕರ್ವಿಯ ಕಾಲುನೋವು ಸಂಧಿವಾತದ ಹಾಗೆ, ಮೂಳೆಯ ಸೋಂಕಿನ ಹಾಗೆ, ಕೆಲವೊಮ್ಮೆ ರಕ್ತದ ಕ್ಯಾನ್ಸರ್‌ನ ಹಾಗೆ ಕಾಣುವುದರಿಂದ ಊಟದ ವಿವರ ಸಿಗದೆ ದಾರಿ ತಪ್ಪುವುದಿದೆ. ಮೊಣಕಾಲಿನ ಎಕ್ಸ್‌ರೇಯಲ್ಲಿ ಇದರ ಗುರುತುಗಳು ಕಾಣುತ್ತವೆ. ಮಕ್ಕಳಿಗೆ ಸಾಮಾನ್ಯವಾಗಿ ದಿನಕ್ಕೆ 100ರಿಂದ 300 ಮಿಲಿಗ್ರಾಂ ವಿಟಮಿನ್ ಸಿ ಕೊಡುತ್ತಾರೆ. ನೋವು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಪೂರ್ತಿ ಚೇತರಿಕೆಗೆ ಒಂದರಿಂದ ಮೂರು ತಿಂಗಳು ಬೇಕು. ನಡೆಯತೊಡಗಿದ ಎಂದು ಮಧ್ಯದಲ್ಲಿ ಮಾತ್ರೆ ನಿಲ್ಲಿಸಬೇಡಿ. ವೈದ್ಯರು ಹೇಳದೆ ಮೆಡಿಕಲ್ ಸ್ಟೋರಿನ 500 ಮಿಲಿಗ್ರಾಂ ಚೀಪುವ ಮಾತ್ರೆಗಳನ್ನು ಪೆಪ್ಪರ್‌ಮಿಂಟಿನಂತೆ ಕೊಡಬೇಡಿ. ಅತಿಯಾದರೆ ಹೊಟ್ಟೆನೋವು, ಭೇದಿ ಆಗುತ್ತದೆ. ಥಲಸ್ಸೀಮಿಯಾ ಇದ್ದು ಪದೇಪದೇ ರಕ್ತ ಹಾಕಿಸಿಕೊಳ್ಳುವ ಮಕ್ಕಳಿಗೆ ವೈದ್ಯರನ್ನು ಕೇಳದೆ ಒಂದು ಮಾತ್ರೆಯೂ ಕೂಡದು.

ಹಣ್ಣು, ತರಕಾರಿ, ಸೊಪ್ಪು ಮೂರನ್ನೂ ತಿನ್ನದ ಮಗು ನಿಮ್ಮದಾದರೆ ತರಗತಿ ಶಿಕ್ಷಕರಿಗೆ ಚೀಟಿ ಬರೆದು ಕಳುಹಿಸಿ. ಶಾಲಾ ಆರೋಗ್ಯ ತಪಾಸಣೆಗೆ ಬರುವ ತಂಡಕ್ಕೆ ಅಂಥ ಮಕ್ಕಳನ್ನು ಮೊದಲು ತೋರಿಸುತ್ತೇವೆ. ಬೇರೆ ಮಕ್ಕಳೆದುರು ಹೆಸರು ಹೇಳುವುದಿಲ್ಲ. ಹಿತ್ತಲಲ್ಲಿ ಸೀಬೆ, ನೆಲ್ಲಿ, ನುಗ್ಗೆ ಇರುವವರು ಮನೆಗೆ ಮಿಕ್ಕಿದ್ದನ್ನು ಬೆಳಿಗ್ಗೆ ಮಗುವಿನ ಕೈಯಲ್ಲಿ ಕಳುಹಿಸಿದರೆ ಬಿಸಿಯೂಟದ ಜೊತೆ ಎಲ್ಲರಿಗೂ ಹಂಚುತ್ತೇವೆ. ಔಷಧಿ ಹೊಡೆದ ತೋಟದ ಹಣ್ಣಾದರೆ, ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆದ ಮೇಲೆ ಕಿತ್ತದ್ದನ್ನೇ ಕಳುಹಿಸಿ.

ಇಂತಿ,
ಮುಖ್ಯ ಶಿಕ್ಷಕರು